ಫಿಯಾಟಿನ ಹೊಸ್ತಿಲು

ನನ್ನ ಅಣ್ಣ ಕಾಶಿನಾಥನಿಗೆ ಇರುವವಳು ಒಬ್ಬಳೇ ತಂಗಿ, ಇರುವುದು ಒಂದೇ ಫಿಯಾಟ್ ಕಾರು. ಎರಡರಲ್ಲಿ ಯಾರ ಮೇಲೆ ಪ್ರೀತಿ ಹೆಚ್ಚು ಎಂದು ನಾನು ಅವನನ್ನು ಯಾವತ್ತೂ ಕೇಳಿಲ್ಲ. ಹುಕ್ಕೇರಿಯ ಸಾಲೆಯಲ್ಲಿ ಮೂವತ್ತೆರಡು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ಕೇಳಿ ನಿವೃತ್ತಳಾದವಳು ನಾನು. ಯಾವ ಪ್ರಶ್ನೆ ಕೇಳಬಾರದು ಎಂಬುದಾದರೂ ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಆ ಕಾರು ಎಪ್ಪತ್ತೊಂದರ ಮಾಡೆಲ್. ಗೋಕಾಕದಲ್ಲಿ ಜವಳಿ ಅಂಗಡಿ ಇಟ್ಟಿದ್ದ ನಮ್ಮ ಅಪ್ಪ ಸೋಮಪ್ಪ ಅದನ್ನು ಕೊಂಡದ್ದು. ಅಪ್ಪ ಅದನ್ನು ಚಕ್ಕಡಿಯ ಹಾಗೆ ಬಳಸಿದ. ಸೀರೆಯ ಗಂಟು, ಶೇಂಗಾ ಚೀಲ ಎಲ್ಲ ಹೇರಿದ. ಒಮ್ಮೆ ಒಂದು ಕರುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದ. ಮಳೆಯಲ್ಲಿ ತೋಯಿಸಿದ, ಬಿಸಿಲಲ್ಲಿ ಒಣಗಿಸಿದ. ಕಾರಿಗೆ ಏನೂ ಆಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಕಾರು ಅಣ್ಣನ ಕೈಗೆ ಬಂತು. ಅಲ್ಲಿಂದ ಅದಕ್ಕೆ ಆರೈಕೆ ಶುರುವಾಯಿತು.

ಅಣ್ಣ ಗೋಕಾಕದ ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದವನು. ಅವನ ಚಿಂತೆಯೆಲ್ಲ ಕಾರಿನ ಕೆಳಭಾಗದ್ದು. ಬಾಗಿಲುಗಳ ಕೆಳಗೆ, ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ, ಒಂದು ಗೇಣು ಎತ್ತರದ ತಗಡು ಇರುತ್ತದಲ್ಲ, ಅದು. ಗಾಲಿಯಿಂದ ಸಿಡಿಯುವ ಖಡಿ, ಅಂದರೆ ರಸ್ತೆಯ ಜಲ್ಲಿಕಲ್ಲು, ಮೊದಲು ಬಡಿಯುವುದು ಅಲ್ಲಿಗೆ. ಖಡಿ ಬಡಿದರೆ ಬಣ್ಣ ಏಳುತ್ತದೆ, ಬಣ್ಣ ಎದ್ದಲ್ಲಿ ನೀರು ಕೂರುತ್ತದೆ, ನೀರು ಕೂತಲ್ಲಿ ತುಕ್ಕು ಹಿಡಿಯುತ್ತದೆ. ಇಷ್ಟರ ಮಟ್ಟಿಗೆ ಅವನು ಹೇಳುವುದು ಸರಿಯೇ. ಆದರೆ ಸರಿಯಾದ ಮಾತನ್ನು ಅತಿಯಾಗಿ ಹಿಡಿದುಕೊಳ್ಳುವುದು ನಮ್ಮ ಮನೆತನದ ರೋಗ.

ಕಾರಿಗೆ ಒಂದು ಕಲ್ಲು ಬಡಿದರೆ ಸಾಕು, ಅಣ್ಣ ಪಂಚನಾಮೆ ಬರೆಯುತ್ತಾನೆ. ಅದಕ್ಕೆಂದೇ ಉದ್ದನೆಯ ರಜಿಸ್ಟರ್ ಇದೆ. ನಾನೇ ಓದಿದ್ದೇನೆ: ‘ಈ ದಿವಸ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕೊಣ್ಣೂರ ಹತ್ತಿರ, ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನ ಗಾಲಿಯಿಂದ ಸಿಡಿದ ಖಡಿಯೊಂದು ವಾಹನದ ಎಡಬದಿಯ ಕೆಳತಗಡಿಗೆ ತಗುಲಿ, ಎಳ್ಳುಕಾಳಿನಷ್ಟು ಬಣ್ಣ ಕಿತ್ತಿದ್ದು ಕಂಡುಬಂದಿರುತ್ತದೆ. ಪಂಚರು: ಕೆಂಚವ್ವ ಕೋಂ ಕಾಶಿನಾಥ, ಸಾಕಿನ ಗೋಕಾಕ.’ ಕೆಂಚವ್ವ ಅಂದರೆ ನಮ್ಮ ವೈನಿ, ಅವನ ಹೆಂಡತಿ. ಒಲೆಯ ಮೇಲೆ ರೊಟ್ಟಿ ಬಿಟ್ಟು ಬಂದು ಸಹಿ ಮಾಡಿ ಹೋಗುತ್ತಾಳೆ. ನನ್ನ ಗಂಡ ಹೀಗೆ ಮಾಡಿದ್ದರೆ ರಜಿಸ್ಟರು ಒಲೆಗೆ ಹೋಗುತ್ತಿತ್ತು.

ಇಷ್ಟು ನಡೆದರೆ ನನಗೇನೂ ತಕರಾರಿಲ್ಲ. ತಕರಾರು ಇರುವುದು ಪಂಚಮಿಯದು.

ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ತವರಿಗೆ ಹೋಗಬೇಕು, ಅದೂ ತಾನಾಗಿ ಹೋಗುವುದಲ್ಲ, ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಓಣಿಯವರೆಲ್ಲ ನೋಡುವ ಹಾಗೆ ಹೋಗಬೇಕು. ಅರವತ್ತು ದಾಟಿದವಳಿಗೂ ಇದರಲ್ಲಿ ವಿನಾಯಿತಿ ಇಲ್ಲ, ಬೇಕಾಗಿಯೂ ಇಲ್ಲ. ಅಪ್ಪ ಇರುವವರೆಗೂ ಪ್ರತಿ ವರ್ಷ ಫಿಯಾಟ್ ತೆಗೆದುಕೊಂಡು ಹುಕ್ಕೇರಿಗೆ ಬರುತ್ತಿದ್ದ. ಅಪ್ಪ ಹೋದ ವರ್ಷವೂ ಅಣ್ಣ ಬಂದ. ಆ ಸಲ ವಾಪಸು ಹೋಗುವಾಗ ರಸ್ತೆ ದುರಸ್ತಿ ನಡೆದಿತ್ತು. ಮೂರು ಖಡಿ ಬಡಿದವು. ಮನೆ ಮುಟ್ಟಿದೊಡನೆ ಅಣ್ಣ ನೆಲದ ಮೇಲೆ ಮಲಗಿ ಕಾರಿನ ಕೆಳಗೆ ಟಾರ್ಚು ಬಿಟ್ಟು ನೋಡಿದ. ಎದ್ದು ಬಂದು, ಇನ್ನು ಮಳೆಗಾಲದಲ್ಲಿ ಈ ಗಾಡಿ ಶೆಡ್ಡಿನಿಂದ ಹೊರಗೆ ಬರುವುದಿಲ್ಲ ಎಂದು ಆಣೆ ಮಾಡಿದ. ಪಂಚಮಿ ಬರುವುದು ಶ್ರಾವಣದಲ್ಲಿ. ಶ್ರಾವಣ ಬರುವುದು ಮಳೆಗಾಲದಲ್ಲಿ. ನನ್ನ ಕಥೆ ಅಲ್ಲಿಗೆ ಮುಗಿಯಿತು.

ಹನ್ನೊಂದು ವರ್ಷ ನಾನು ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿಗೆ ಹೋದೆ. ಸುಳ್ಳು ಹೇಳಬಾರದು, ಅಣ್ಣ ಪ್ರತಿ ಸಲ ಗೋಕಾಕದ ಬಸ್ ಸ್ಟ್ಯಾಂಡಿಗೆ ಒಂದು ತಾಸು ಮೊದಲೇ ಬಂದು ಛತ್ರಿ ಹಿಡಿದು ನಿಂತಿರುತ್ತಿದ್ದ. ಆದರೆ ಛತ್ರಿ ಗೋಕಾಕದಲ್ಲಿ. ಓಣಿ ಹುಕ್ಕೇರಿಯಲ್ಲಿ.

ಮತ್ತು ನಮ್ಮ ಓಣಿಯಲ್ಲಿ ಅಲ್ಲವ್ವ ಇದ್ದಾಳೆ, ನಮ್ಮ ಎದುರು ಮನೆಯವಳು. ಅವಳ ತಮ್ಮ ಯಲ್ಲಪ್ಪ ಪ್ರತಿ ಪಂಚಮಿಗೆ ಮೂಡಲಗಿಯ ಕಡೆಯ ಹಳ್ಳಿಯಿಂದ ಟ್ರ್ಯಾಕ್ಟರ್ ತೆಗೆದುಕೊಂಡು ಬರುತ್ತಾನೆ. ಟ್ರೇಲರಿಗೆ ತಾಡಪತ್ರಿ ಕಟ್ಟಿ, ಒಳಗೆ ಗಾದಿ ಹಾಸಿ, ಜೋಕಾಲಿಗೆ ಹೊಸ ಹಗ್ಗ ತಂದು, ಓಣಿಯ ತುದಿಯಿಂದಲೇ ಹಾರ್ನ್ ಹೊಡೆಯುತ್ತ ಬರುತ್ತಾನೆ. ಅಲ್ಲವ್ವ ಹೊಸ ಸೀರೆ ಉಟ್ಟು ಟ್ರೇಲರ್ ಹತ್ತಿ, ಹತ್ತಿದ ಮೇಲೆ ನನ್ನ ಕಡೆ ತಿರುಗಿ, ಪ್ರತಿ ವರ್ಷ ಅದೇ ಮಾತು ಕೇಳುತ್ತಾಳೆ.

“ಯಾಕ್ರಿ ಅಕ್ಕೋರ, ನಿಮ್ಮ ಅಣ್ಣಾರು ಈ ವರ್ಷಾನೂ ಬರಲಿಲ್ಲೇನ್ರಿ?”

“ಕೋರ್ಟಿನ್ಯಾಗ ಕೆಲಸ ಭಾಳ ಐತ್ರಿ,” ಎನ್ನುತ್ತಿದ್ದೆ ನಾನು. ಅಣ್ಣ ನಿವೃತ್ತನಾಗಿ ಮೂರು ವರ್ಷವಾದ ಮೇಲೂ ಅದನ್ನೇ ಹೇಳಿದೆ. ಅಲ್ಲವ್ವ, “ಹೌದ್ರಿ, ಈಗಿನ ಕಾಲದಾಗ ಜಗಳ ಭಾಳ,” ಎಂದಳು. ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂದು ನನಗೂ ಗೊತ್ತಿತ್ತು. ಆ ದಿನ ಬಸ್ಸಿನಲ್ಲಿ ಕೂತು ನಾನು ಅತ್ತಿದ್ದೇನೆ. ಕಂಡಕ್ಟರ್ ಚಿಲ್ಲರೆ ಕೇಳಿದ್ದಕ್ಕೆ ಅಳುತ್ತಿದ್ದಾಳೆ ಎಂದು ಪಕ್ಕದವರು ತಿಳಿದುಕೊಂಡರು.

ಈ ವರ್ಷ ಆಷಾಢ ಮುಗಿಯುವ ಹೊತ್ತಿಗೆ ನಾನೇ ಫೋನು ಮಾಡಿದೆ.

“ಅಣ್ಣಾ, ಈ ಸಲ ನಾ ಬಸ್ಸಿಗೆ ಬರಂಗಿಲ್ಲ.”

“ಮತ್ತ ಟೆಂಪೋಕ್ಕ ಬರತೀಯೇನು?”

“ಯಾತಕ್ಕೂ ಬರಂಗಿಲ್ಲ. ನೀ ಗಾಡಿ ತಗೊಂಡ ಬಂದ್ರ ಬರತೇನಿ. ಇಲ್ಲಾಂದ್ರ ಈ ವರ್ಷ ನನ್ನ ಪಂಚಮಿ ಹುಕ್ಕೇರ್ಯಾಗ.”

“ಭಾಗ್ಯಾ, ಘಟಪ್ರಭಾದಿಂದ ನಿಮ್ಮ ಕಡೆ ರಸ್ತಾಕ್ಕ ಖಡಿ ಹಾಕ್ಯಾರ. ರೋಲರ್ ಇನ್ನಾ ಆಡಿಸಿಲ್ಲ,” ಎಂದ.

“ನಿನ್ನ ಗಾಡಿಗೆ ಬಡದ ಖಡಿ ಎಲ್ಲಾ ನೀ ಬರದ ಇಟ್ಟೀ. ಹನ್ನೊಂದ್ ವರ್ಷ ಈ ಓಣ್ಯಾಗ ನನಗ ಬಡದ ಮಾತು ಯಾರು ಬರದ ಇಟ್ಟಾರ?” ಎಂದು ಕೇಳಿ ಫೋನು ಇಟ್ಟುಬಿಟ್ಟೆ.

ಮಾತು ಚೆನ್ನಾಗಿಯೇ ಬಂದಿತ್ತು. ಆದರೆ ಅವನು ಬರದಿದ್ದರೆ? ಬಸ್ಸಿಗೆ ಹೋಗುವ ದಾರಿಯನ್ನೂ ನಾನೇ ಮುಚ್ಚಿಕೊಂಡಿದ್ದೆ. ಒಂದು ಪಂಚಮಿ ತಪ್ಪಿದರೆ ಮುಂದಿನದೂ ತಪ್ಪುತ್ತದೆ. ಆಮೇಲೆ ಅವನು ಫೋನು ಮಾಡಲು ಹಿಂಜರಿಯುತ್ತಾನೆ, ನಾನು ಸೊಕ್ಕಿನಿಂದ ಮಾಡುವುದಿಲ್ಲ. ಹೀಗೆ ಅಣ್ಣ ತಂಗಿ ಮಾತು ಬಿಟ್ಟ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾಲ್ಕು ದಿನ ನನಗೆ ಊಟ ಸೇರಲಿಲ್ಲ.

ಐದನೆಯ ದಿನ ವೈನಿ ಫೋನು ಮಾಡಿದಳು. “ಭಾಗ್ಯಾ, ನಿಮ್ಮ ಅಣ್ಣ ಗಾಡಿ ತಗೊಂಡ ಮೂಡಲಗಿಗೆ ಹೋಗ್ಯಾರ. ಅಲ್ಲಿ ಸತ್ತೆಪ್ಪ ಅಂತ ಒಬ್ಬಾಂವ ಅದಾನಂತ, ತಗಡು-ಪತ್ರಾ ಕೆಲಸದಾಂವ. ತೆಳಗಿನ ತಗಡಿಗೆ ಏನೋ ಹಚ್ಚಿಸತಾರಂತ, ಕಲ್ಲ ಬಡದ್ರೂ ಏನೂ ಆಗಬಾರದಂಗ. ಎರಡ ದಿನಾ ಆತು, ಗಾಡಿ ಬಿಟ್ಟ ಅಲ್ಲಾಡಿಲ್ಲ. ಬುತ್ತಿ ಕಳಸಾಕತ್ತೇನಿ.”

ನನ್ನ ಮನಸ್ಸು ಬೆಣ್ಣೆಯಾಯಿತು. ಕಲ್ಲಿಗೆ ಹೆದರುವವನು ಕಲ್ಲಿನ ದಾರಿಗೆ ತಯಾರಾಗುತ್ತಿದ್ದಾನೆ ಎಂದರೆ ಬರುತ್ತಾನೆ ಎಂದೇ ಅರ್ಥ.

ಮರುದಿನ ಮೂಡಲಗಿಯಲ್ಲೇ ನಮ್ಮ ಯಜಮಾನರ ಕಡೆಯ ಹುಡುಗಿಯೊಬ್ಬಳ ಕುಬಸವಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಮುಗಿಸಿ, ಊಟಕ್ಕೆ ಎಲೆ ಹಾಕುವುದರೊಳಗೆ ಸತ್ತೆಪ್ಪನ ಗ್ಯಾರೇಜು ಹುಡುಕಿಕೊಂಡು ಹೊರಟೆ. ತಗಡಿನ ಶೆಡ್ಡಿನಲ್ಲಿ ಅಪ್ಪನ ಹಸಿರು ಫಿಯಾಟ್ ನಾಲ್ಕು ಇಟ್ಟಿಗೆ ಗುಡ್ಡೆಗಳ ಮೇಲೆ ನಿಂತಿತ್ತು. ಪಕ್ಕದಲ್ಲಿ ಸ್ಟೂಲಿನ ಮೇಲೆ ಅಣ್ಣ ಕೂತಿದ್ದ, ತೊಡೆಯ ಮೇಲೆ ರಜಿಸ್ಟರ್.

ಸತ್ತೆಪ್ಪ ನಮ್ಮ ವಯಸ್ಸಿನವನೇ. ನನ್ನನ್ನು ನೋಡಿ ನ್ಯಾಯ ಕೇಳುವವನ ಹಾಗೆ ಎದ್ದು ಬಂದ.

“ನೋಡ್ರಿ ಅಕ್ಕಾರ, ನಾ ಇಲ್ಲಿ ಕೆಲಸ ಮಾಡೂದಕ್ಕಿಂತ ಸಾಕ್ಷಿ ಹೇಳೂದ ಜಾಸ್ತಿ ಆಗೇತಿ.”

ಅವನು ಮಾಡಿದ ಕೆಲಸ ಮಾತ್ರ ಚೊಕ್ಕಟವಾಗಿತ್ತು. ಹಳೆಯ ಬಣ್ಣವನ್ನು ತಂತಿಯ ಬ್ರಷ್ಷಿನಿಂದ ಕೆರೆದು, ತುಕ್ಕು ತಡೆಯುವ ಪ್ರೈಮರ್ ಹೊಡೆದು, ಅದರ ಮೇಲೆ ರಬ್ಬರಿನಂಥ ದಪ್ಪ ಲೇಪ ಕೊಟ್ಟು, ಕೊನೆಗೆ ಗಾಡಿಯದೇ ಹಸಿರು ಬಣ್ಣ ಬಳಿದಿದ್ದ. ಆದರೆ ಅಣ್ಣನಿಗೆ ಬಾಯಿಮಾತು ಸಾಲದು, ಪುರಾವೆ ಬೇಕು. ಘಟಪ್ರಭಾದ ರಸ್ತೆಯಿಂದಲೇ ಒಂದು ಚೀಲ ಖಡಿ ತುಂಬಿಕೊಂಡು ಬಂದಿದ್ದ. ಬೇರೊಂದು ತಗಡಿನ ತುಂಡಿಗೆ ಅದೇ ಲೇಪ ಹಚ್ಚಿಸಿ, ಗೋಡೆಗೆ ಆನಿಸಿ, ಹತ್ತು ಹೆಜ್ಜೆ ದೂರದಿಂದ ಖಡಿ ಎಸೆಯಲು ಸತ್ತೆಪ್ಪನಿಗೆ ಹೇಳಿದ್ದ. ಪ್ರತಿ ಖಡಿಗೆ ಒಂದು ಸಾಲು ಬರೆಯುತ್ತಿದ್ದ. ನಾನು ಹೋದಾಗ ಹದಿನಾಲ್ಕು ಖಡಿ ಮುಗಿದಿದ್ದವು, ಒಂದು ಗೀರೂ ಬಿದ್ದಿರಲಿಲ್ಲ. ಹದಿನೈದನೆಯದನ್ನು ಸತ್ತೆಪ್ಪ ಸಿಟ್ಟಿನಿಂದ ಎಸೆದ. ಅದು ತಗಡಿಗೆ ಬಡಿದು ಪುಟಿದು ಬಂದು ನೇರ ಅಣ್ಣನ ಹಣೆಗೆ ತಾಗಿತು. ಅದನ್ನು ಅವನು ಬರೆಯಲಿಲ್ಲ.

“ಸಾಹೇಬ್ರ, ಹೊರಗಿಂದು ಆತು,” ಎಂದ ಸತ್ತೆಪ್ಪ. “ಈಗ ಒಳಗ ಒಮ್ಮಿ ನೋಡೂಣ್ರಿ. ಈ ತಗಡು ಒಳಗ ಪೊಳ್ಳ ಇರತೈತಿ, ಡಬ್ಬಿ ಇದ್ದಂಗ. ನೀರು ಇಳದ ಹೋಗಲಿ ಅಂತ ತೆಳಗ ತೂತ ಇಟ್ಟಿರತಾರ. ನಿಮ್ಮ ಗಾಡ್ಯಾಗ ಆ ತೂತ ಒಂದೂ ಕಾಣವಲ್ದು.”

“ನಾನ ಮುಚ್ಚೇನಿ. ರಸ್ತಾದ ರಾಡಿ ಒಳಗ ಹೋಗಬಾರದಂತ, ಹನ್ನೊಂದ್ ವರ್ಷದ ಹಿಂದ ಪುಟ್ಟಿ ಹಾಕಿ ಮುಚ್ಚೇನಿ,” ಎಂದ ಅಣ್ಣ. ಹೇಳುವಾಗ ಎದೆ ಸ್ವಲ್ಪ ಉಬ್ಬಿತ್ತು.

“ರಾಡಿ ಹೋಗಬಾರದು, ಖರೆ. ಒಳಗ ಬಂದ ನೀರು ಹೊರಗ ಎಲ್ಲಿಂದ ಹೋಗಬೇಕ್ರಿ?”

“ನೀರು ಒಳಗ ಯಾಕ ಬರತೈತಿ? ಹನ್ನೊಂದ್ ವರ್ಷದಿಂದ ಈ ಗಾಡಿ ಮಳಿ ಕಂಡಿಲ್ಲ.”

ಸತ್ತೆಪ್ಪ ಬಾಗಿಲಿನ ಕಂಬಕ್ಕೆ ಕೈಯಿಟ್ಟು ಕಾರನ್ನು ಮೆಲ್ಲಗೆ ಅಲುಗಿಸಿದ. ಒಳಗೆಲ್ಲೋ ಗುಳುಗುಳು ಎಂದಿತು.

“ಇದೇನ್ರಿ ಮತ್ತ?”

“ಪೆಟ್ರೋಲ್,” ಎಂದ ಅಣ್ಣ.

“ಪೆಟ್ರೋಲ್ ಟಾಕಿ ಹಿಂದ ಐತ್ರಿ ಸಾಹೇಬ್ರ.”

“ಹಂಗಾದ್ರ ಪೈಪಿನ್ಯಾಗಿಂದು. ಒಳಗ ಕೈ ಹಚ್ಚಬ್ಯಾಡ. ಒಳಗ ಎಲ್ಲಾ ಅಪ್ಪನ ಕಾಲದ್ದು ಇದ್ದಂಗ ಐತಿ.”

ಶಿರಸ್ತೇದಾರ ಕಡತ ಮುಚ್ಚಿದ ಮೇಲೆ ಮುಗಿಯಿತು, ಅದನ್ನು ಯಾರೂ ತೆರೆಯುವ ಹಾಗಿಲ್ಲ. ಸತ್ತೆಪ್ಪ ನನ್ನ ಮುಖ ನೋಡಿದ. ನಾನೂ ಅಣ್ಣನ ಪರವಾಗಿಯೇ ತಲೆ ಆಡಿಸಿದೆ. ಮಳೆಯನ್ನೇ ಕಾಣದ ಗಾಡಿಗೆ ನೀರು ಎಲ್ಲಿಂದ ಬರಬೇಕು ಎಂದು ನನಗೂ ಅನ್ನಿಸಿತ್ತು. ನನ್ನ ಬುದ್ಧಿಗೆ ಆಗಲೇ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ.

ಹೊರಡುವಾಗ ಅಣ್ಣ ನನ್ನನ್ನು ಗ್ಯಾರೇಜಿನ ಬಾಗಿಲವರೆಗೆ ಕಳಿಸಲು ಬಂದ. ಸಿಟ್ಟಿನ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

“ಗುರುವಾರ ಮುಂಜಾನೆ ಹತ್ತಕ್ಕ ಬಾಗಲಾಗ ನಿಂತಿರು,” ಎಂದ. ಎರಡು ಹೆಜ್ಜೆ ಹೋಗಿ ತಿರುಗಿ, “ಚಪ್ಪಲಿ ತೊಳಕೊಂಡ ನಿಂತಿರು,” ಎಂದ.

ಗುರುವಾರ ಬೆಳಗಿನಿಂದ ಜಿಟಿಜಿಟಿ ಮಳೆ. ನಾನು ಚಪ್ಪಲಿ ಎರಡು ಸಲ ತೊಳೆದೆ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಎಲ್ಲ ಡಬ್ಬಿಗೆ ತುಂಬಿ ಒಂಬತ್ತಕ್ಕೇ ಕಟ್ಟೆಯ ಮೇಲೆ ಕೂತೆ. ಎದುರಿಗೆ ಯಲ್ಲಪ್ಪನ ಟ್ರ್ಯಾಕ್ಟರ್ ಬಂದು ನಿಂತಿತ್ತು. ಅಲ್ಲವ್ವ ತಯಾರಾಗಿದ್ದಳು, ಆದರೂ ಹತ್ತಲಿಲ್ಲ. ನನ್ನ ಅಣ್ಣ ಬರುತ್ತಾನೆ ಎಂದು ನಾನು ನಾಲ್ಕು ದಿನದಿಂದ ಓಣಿಗೆಲ್ಲ ಹೇಳಿದ್ದೆ. ಬರುತ್ತಾನೋ ಇಲ್ಲವೋ ನೋಡದೆ ಅವಳು ಊರು ಬಿಡುವವಳಲ್ಲ.

ಹತ್ತಾಯಿತು. ಹತ್ತೂಕಾಲು, ಹತ್ತೂವರೆಯಾಯಿತು. “ಕೋರ್ಟಿನ ಕೆಲಸ ಬಂದಿರಬೇಕ್ರಿ,” ಎಂದಳು ಅಲ್ಲವ್ವ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಒಂದು ಕುರಿಹಿಂಡು ತಿರುಗಿತು. ಅದರ ಹಿಂದೆ ನಮ್ಮ ಫಿಯಾಟ್ ಕಾಣಿಸಿತು. ಕುರಿಗಳು ಮುಂದೆ ಮುಂದೆ, ಕಾರು ಹಿಂದೆ ಹಿಂದೆ. ಕುರಿ ಕಾಯುವವನು ಎರಡು ಸಲ ಬದಿಗೆ ಸರಿದು ದಾರಿ ಬಿಟ್ಟ, ಅಣ್ಣ ದಾಟಲಿಲ್ಲ.

ಕಾರು ಹತ್ತಿರ ಬಂದ ಮೇಲೆ ನೋಡುತ್ತೇನೆ, ಅದಕ್ಕೆ ಹೆಂಗಸರ ಹಾಗೆ ಪರಕರ ಉಡಿಸಿದ್ದ. ಸತ್ತೆಪ್ಪನ ಲೇಪದ ಮೇಲೂ ಭರವಸೆ ಸಾಲದೆ, ವೈನಿಯ ಹಳೆಯ ಸೀರೆಗಳಿಂದ ಕೌದಿ ಹೊಲಿಸಿ, ಎರಡೂ ಬದಿಗೆ ಬಾಗಿಲಿನ ಕೆಳಗೆ ಸುತ್ತ ಕಟ್ಟಿಕೊಂಡು ಬಂದಿದ್ದ. ಕೆಂಪು, ಹಳದಿ, ನೀಲಿ ತುಂಡುಗಳ ಕೌದಿ. ರಾಡಿ ಕುಡಿದು ಭಾರವಾಗಿ ಜೋತಾಡುತ್ತಿತ್ತು. ಓಣಿಯ ಹುಡುಗರು ಕೂಗಾಡಿದರು. ನನಗೆ ಸ್ವಲ್ಪವೂ ನಾಚಿಕೆಯಾಗಲಿಲ್ಲ. ಗಾಡಿ ಬಂದಿತ್ತು. ಅಪ್ಪನ ಗಾಡಿ, ಹನ್ನೊಂದು ವರ್ಷದ ಮೇಲೆ, ಮಳೆಯಲ್ಲಿ, ನನ್ನ ಬಾಗಿಲಿಗೆ ಬಂದಿತ್ತು. ಆಗ ಎಷ್ಟು ಸುಖವಾಯಿತೆಂದರೆ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಅಲ್ಲವ್ವನ ಮುಖವನ್ನು ನಾನು ಮೂರು ಸಲ ನೋಡಿದೆ.

ಅಣ್ಣ ಇಳಿದು ಕೌದಿಯ ಗಂಟು ಬಿಚ್ಚಿ, ತಗಡಿನ ಮೇಲೆ ಬೆರಳಾಡಿಸಿ ನೋಡಿದ. “ಒಂದೂ ಇಲ್ಲ,” ಎಂದ. ಅವನ ಕಣ್ಣಲ್ಲಿ ನೀರಿತ್ತು.

ನಾನು ಒಳಗೆ ಹೋಗಿ ಚಂಬಿನಲ್ಲಿ ನೀರು, ಅರಿಷಿಣ, ಕುಂಕುಮ, ನಾಲ್ಕು ಅಕ್ಕಿಕಾಳು ತಂದೆ. ಇದು ನಮ್ಮ ಅವ್ವನ ಪದ್ಧತಿ. ಗಾಡಿ ಮನೆಗೆ ಬಂದ ಹೊಸದರಲ್ಲಿ ಅವ್ವ, ಹಾದು ಒಳಗೆ ಹೋಗುವ ಬಾಗಿಲು ಎಂದ ಮೇಲೆ ಅದಕ್ಕೂ ಹೊಸ್ತಿಲಿದೆ, ಹೊಸ್ತಿಲಿದ್ದ ಮೇಲೆ ಪೂಜೆಯಿದೆ ಎಂದು ಹೇಳಿ ಹಬ್ಬ ಹುಣ್ಣಿಮೆಗೆ ಬಾಗಿಲಿನ ಕೆಳಗಿನ ಪಟ್ಟಿಗೆ ನೀರು ಹಾಕಿ ಅರಿಷಿಣ ಕುಂಕುಮ ಏರಿಸುತ್ತಿದ್ದಳು. ಓಣಿ ನೋಡುತ್ತಿರುವಾಗ ನಾನು ಬಿಟ್ಟೇನೇ? ನಿಧಾನವಾಗಿ, ಎಲ್ಲರಿಗೂ ಕಾಣುವ ಹಾಗೆ, ಕಾರಿನ ಹೊಸ್ತಿಲಿಗೆ ಇಡೀ ಚಂಬು ನೀರು ಹಾಕಿ ಪೂಜೆ ಮಾಡಿದೆ.

ಮನೆಯ ಹೊಸ್ತಿಲನ್ನು ಯಾರೂ ತುಳಿಯುವುದಿಲ್ಲ, ದಾಟುತ್ತಾರೆ. ಆದರೆ ನನ್ನ ಮೊಣಕಾಲು ಅಷ್ಟು ಎತ್ತರಕ್ಕೆ ಏಳುವ ಕಾಲ ಹೋಗಿದೆ. ಉಂಡಿಯ ಡಬ್ಬಿ ಕಂಕುಳಲ್ಲಿ ಹಿಡಿದು, ಬಲಗಾಲನ್ನು ಆ ಹೊಸ್ತಿಲ ಮೇಲೆ ಊರಿ, ಮೈಭಾರ ಹಾಕಿದೆ.

ಹಪ್ಪಳ ಮುರಿದಂಥ ಸಪ್ಪಳವಾಯಿತು. ಕಾಲು ತಗಡಿನೊಳಗೆ ಇಳಿದು ಹೋಯಿತು. ಹೊಸ ಲೇಪ, ಹೊಸ ಬಣ್ಣ ಎಲ್ಲ ಸಿಪ್ಪೆಯ ಹಾಗೆ ಮಡಿಚಿಕೊಂಡವು. ಒಳಗಿನಿಂದ ಅರ್ಧ ಕೊಡದಷ್ಟು ನೀರು ಭಸಕ್ಕನೆ ಹೊರಗೆ ಬಂತು. ಅದು ತುಕ್ಕಿನ ಕೆಂಪು ಅಷ್ಟೇ ಆಗಿರಲಿಲ್ಲ. ಅದರಲ್ಲಿ ಅರಿಷಿಣವಿತ್ತು, ಕುಂಕುಮದ ಕೆಸರಿತ್ತು, ಕೊಳೆತ ಅಕ್ಕಿಕಾಳಿತ್ತು, ಒಣ ಹೂವಿನ ದಂಟಿತ್ತು. ಎಲ್ಲ ಹರಿದು ಅಲ್ಲವ್ವನ ಮನೆಯ ಮುಂದೆ ಹೋಗಿ ನಿಂತಿತು. ಯಲ್ಲಪ್ಪ ಟ್ರ್ಯಾಕ್ಟರಿನ ಎಂಜಿನ್ ಆರಿಸಿದ.

ಆ ಅಕ್ಕಿಕಾಳು ನೋಡಿದೊಡನೆ ನನಗೆ ನೆನಪಾಯಿತು. ಅಪ್ಪ ತೀರಿಕೊಂಡ ವರ್ಷ, ಅದೇ ಪಂಚಮಿಗೆ, ನಾನೇ ವೈನಿಗೆ ತಾಕೀತು ಮಾಡಿದ್ದೆ. “ಅಪ್ಪನ ಗಾಡಿ ಐತ್ರಿ ವೈನಿ, ಶುಕ್ಕರವಾರ, ಅಮಾಸಿಗೆ ಹೊಸ್ತಿಲಕ್ಕ ಒಂದ ಚಂಬು ನೀರು ಹಾಕೂದ ತಪ್ಪಿಸಬ್ಯಾಡ್ರಿ” ಎಂದಿದ್ದೆ. ಅವ್ವ ಹಬ್ಬಕ್ಕೆ ಮಾಡುತ್ತಿದ್ದದ್ದನ್ನು ನಾನು ವಾರಕ್ಕೆ ತಂದಿದ್ದೆ. ಗಂಡ ಹೇಳಿದಲ್ಲಿ ಸಹಿ ಮಾಡುವ ವೈನಿ ನಾದಿನಿ ಹೇಳಿದ್ದನ್ನು ಬಿಡುತ್ತಾಳೆಯೇ? ಪಟ್ಟಿಯ ಮೇಲಿನ ಸಂದಿಯಲ್ಲಿ ಇಳಿದದ್ದೆಲ್ಲ, ಕೆಳಗೆ ತೂತಿಲ್ಲದೆ, ಒಳಗೇ ಉಳಿದಿತ್ತು. ಮಳೆ ಕಾಣದ ಗಾಡಿಗೆ ಹನ್ನೊಂದು ವರ್ಷ ಮನೆಯೊಳಗೇ ಮಳೆ ಬಿದ್ದಿತ್ತು.

ಅಣ್ಣ ಮೊಣಕಾಲೂರಿ ಕೂತ. ಈಗ ರಜಿಸ್ಟರ್ ತೆಗೆಯುತ್ತಾನೆ ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ಈ ಗಾಡಿ ಇನ್ನು ಹುಕ್ಕೇರಿಯ ಕಡೆ ಮುಖ ಮಾಡುವುದಿಲ್ಲ, ನನ್ನ ತವರು ಇಲ್ಲಿಗೇ ಮುಗಿಯಿತು ಎಂದುಕೊಂಡೆ. ಆದರೆ ಅವನು ನನ್ನ ಹಿಮ್ಮಡಿ ಹಿಡಿದು, ತಗಡಿನ ಅಂಚನ್ನು ಇನ್ನೊಂದು ಕೈಯಿಂದ ಹೊರಗೆ ಬಗ್ಗಿಸಿ, ಮೆಲ್ಲಗೆ ಕಾಲನ್ನು ಬಿಡಿಸಿದ. ಹಾಗೆ ಬಗ್ಗಿಸುವಾಗ ಗೇಣುದ್ದ ತಗಡು ಅವನ ಕೈಯಲ್ಲಿ ಮುರಿದು ಬಂತು. ಅದನ್ನು ನೋಡದೆಯೇ ಪಕ್ಕಕ್ಕೆ ಎಸೆದ.

“ರಗತ ಬರಾಕತ್ತೈತಿ,” ಎಂದ. “ತುಕ್ಕ ಹಿಡದ ತಗಡಿದು. ಟಿಟಿ ಇಂಜೆಕ್ಷನ್ ಯಾವಾಗ ಮಾಡಿಸೀ?”

“ಸಾಲ್ಯಾಗ ಇದ್ದಾಗ ಯಾವಾಗೋ.”

“ಹತ್ತು. ಆ ಕಡಿ ಬಾಗಲದಿಂದ ಹತ್ತು.”

ಮುರಿದ ಕಡೆಯ ಬಾಗಿಲು ಮುಚ್ಚಲೇ ಇಲ್ಲ. ಯಲ್ಲಪ್ಪ ತನ್ನ ಅಕ್ಕನ ಜೋಕಾಲಿಗೆ ತಂದ ಹೊಸ ಹಗ್ಗ ಕೊಟ್ಟು, ಬಾಗಿಲನ್ನು ಗಾಡಿಗೆ ಬಿಗಿದು ಕಟ್ಟಿದ. ಅಣ್ಣ ಕೌದಿಯ ತೋಯದೆ ಉಳಿದ ತುದಿಯನ್ನು ನನ್ನ ಕಾಲಿಗೆ ಸುತ್ತಿದ. ಹೊರಡುವಾಗ ಅಲ್ಲವ್ವ ಕಿಟಕಿಯ ಹತ್ತಿರ ಬಂದು ಡಬ್ಬಿಯಿಂದ ಚೆಲ್ಲಿದ ಉಂಡಿಗಳನ್ನು ಸೆರಗಿನಲ್ಲಿ ತಂದು ಕೊಟ್ಟಳು. ಅವಳು ಏನೂ ಕೇಳಲಿಲ್ಲ. ಪಾಪ, ನಾನು ಅವಳನ್ನು ಇಷ್ಟು ವರ್ಷ ಬೈದುಕೊಂಡದ್ದು ಸ್ವಲ್ಪ ಹೆಚ್ಚಾಯಿತು ಅನ್ನಿಸಿತು.

ಸರಕಾರಿ ದವಾಖಾನೆಯ ನರ್ಸ್ ಗಾಯ ತೊಳೆಯುತ್ತ, ಏನು ಚುಚ್ಚಿತು ಎಂದು ಕೇಳಿದಳು. “ಹೊಸ್ತಿಲು,” ಎಂದೆ. ಅವಳು ನನ್ನನ್ನು ಒಮ್ಮೆ ನೋಡಿ ‘ಕಬ್ಬಿಣ’ ಎಂದು ಬರೆದುಕೊಂಡಳು.

ಇಂಜೆಕ್ಷನ್ ಆದ ಮೇಲೆ ಹೊರಗೆ ಬೆಂಚಿನ ಮೇಲೆ ಇಬ್ಬರೂ ಕೂತೆವು. ಇನ್ನು ತಡೆದುಕೊಳ್ಳಲು ಆಗಲಿಲ್ಲ.

“ಅಣ್ಣಾ, ಆ ನೀರು ನಂದು,” ಎಂದು ಎಲ್ಲ ಹೇಳಿಬಿಟ್ಟೆ.

“ಕೆಂಚಿ ನನಗ ಒಮ್ಮಿನೂ ಹೇಳಲಿಲ್ಲ,” ಎಂದ.

“ಹೊಸ್ತಿಲಕ್ಕ ನೀರು ಹಾಕೂದ ಯಾವ ಹೆಂಗಸು ಗಂಡಗ ಹೇಳಿ ಮಾಡತಾಳ?”

“ನೀರು ನೀ ಹಾಕಿಸಿದಿ. ತೂತ ನಾ ಮುಚ್ಚಿದೆ. ಎರಡೂ ಅದ ಪಂಚಮಿ ದಿನಾನ.”

“ಬರ್ಕೋ. ಆರೋಪಿ ನಂಬರ್ ಒಂದು, ಭಾಗ್ಯಾ.”

“ಒಂದು ನಾ,” ಎಂದ ಅಣ್ಣ. “ನೀ ಎರಡು.” ಹೇಳಿ ನಕ್ಕ. ಕೋರ್ಟಿನಲ್ಲಿ ಮೂವತ್ತು ವರ್ಷ ನಗದೆ ಉಳಿಸಿಕೊಂಡದ್ದೆಲ್ಲ ಒಮ್ಮೆಲೇ ಬಂದ ಹಾಗಿತ್ತು. ನಾನೂ ನಕ್ಕೆ. ಸಾಲಿನಲ್ಲಿ ಕೂತಿದ್ದ ರೋಗಿಗಳು ನಮ್ಮನ್ನು ಬೇರೆ ವಾರ್ಡಿಗೆ ಕಳಿಸಬೇಕಾದವರು ಎಂದುಕೊಂಡಿರಬೇಕು.

ಹೊರಗೆ ಮಳೆ ಜೋರಾಗಿತ್ತು. ಕಾರಿನ ಒಂದು ಬದಿ ಬಾಯಿ ತೆರೆದುಕೊಂಡಿತ್ತು, ಇನ್ನೊಂದು ಬದಿ ಮಾತ್ರ ಹೊಸ ಬಣ್ಣದಲ್ಲಿ ಮಿಂಚುತ್ತಿತ್ತು. ಅದನ್ನಾದರೂ ಉಳಿಸಬೇಕು ಅನ್ನಿಸಿತು. ಹನ್ನೊಂದು ವರ್ಷ ಯಾವ ಮಾತಿಗೆ ಸಿಟ್ಟಾಗಿದ್ದೆನೋ ಆ ಮಾತನ್ನು ನಾನೇ ಆಡಿದೆ.

“ಅಣ್ಣಾ, ಗಾಡಿ ನಮ್ಮ ಮನಿ ಮುಂದ ನಿಂದ್ರಸೂಣು. ಬಸ್ಸಿಗೆ ಹೋಗೂಣು.”

ಅವನು ನನ್ನನ್ನು ಕೂರಿಸಿ, ಕೌದಿ ಹೊದಿಸಿ, ಎಂಜಿನ್ ಶುರು ಮಾಡಿದ. ಊರು ದಾಟಿ ಸ್ವಲ್ಪ ದೂರಕ್ಕೆ ಅಗೆದ ರಸ್ತೆ ಬಂತು. ಖಡಿಯ ರಾಶಿ ಹಾಗೇ ಹರಡಿತ್ತು, ರೋಲರ್ ಸುಳಿದಿರಲಿಲ್ಲ. ಈಗ ನಿಲ್ಲಿಸುತ್ತಾನೆ, ಇಳಿದು ನೋಡುತ್ತಾನೆ ಎಂದು ಕಾದೆ. ಅವನು ಗೇರು ಬದಲಿಸಿದ. ಕಾರು ಐವತ್ತಕ್ಕೆ ಏರಿತು. ಖಡಿಗಳು ಹಾರಿ ಹಾರಿ ಕೆಳಗೆ ಟಣ್ ಟಣ್ ಎಂದು ಬಡಿಯತೊಡಗಿದವು. ಒಂದೊಂದು ಸಪ್ಪಳಕ್ಕೂ ನಾನು ಕಿಟಕಿಯಿಂದ ಬಗ್ಗಿ ಕೆಳಗೆ ನೋಡಿದೆ. ಅಣ್ಣನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಅಣ್ಣಾ, ನಿಧಾನ ಹೊಡಿಯೋ. ಹೊಸಾ ಬಣ್ಣ ಐತಿ.”

“ಹನ್ನೊಂದ್ ವರ್ಷ ತಡಾ ಆಗೇತಿ, ಭಾಗ್ಯಾ,” ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ. “ಇನ್ನ ಎಷ್ಟ ನಿಧಾನ ಹೊಡೀಲಿ?”